ನಾಲ್ಕು ಗ್ರ್ಯಾಂಡ್‌ಸ್ಲಾಂ, ನಾಲ್ವರು ಚಾಂಪಿಯನ್ನರು, ನಂಬರ್ ಒನ್ ಮಾತ್ರ ಒಬ್ಬರೇ: ಏನಿದು ಮಹಿಳಾ ಟೆನಿಸ್ ರ‍್ಯಾಂಕಿಂಗ್ ಲೆಕ್ಕ?

ಧನಕವಡಿ (ಪುಣೆ): ಪುಣೆಯ ದಕ್ಷಿಣ ತುದಿಯ ಧನಕವಡಿಯಿಂದ ಹೊರಟು ಮುಂಬೈ-ಬೆಂಗಳೂರು ಹೆದ್ದಾರಿಯ ಬೈಪಾಸ್ ಹಿಡಿದರೆ ನಗರದ ಇನ್ನೊಂದು ಮಗ್ಗುಲಿನ ಬಾಲೆವಾಡಿ ಸಿಗುತ್ತದೆ. ಅಲ್ಲಿನ ಮ್ಹಾಳುಂಗೆ-ಬಾಲೆವಾಡಿ ಕ್ರೀಡಾ ಸಂಕೀರ್ಣದಲ್ಲಿ 2025ರ ಏಪ್ರಿಲ್ 8ರಿಂದ 12ರವರೆಗೆ ಬಿಲ್ಲಿ ಜೀನ್ ಕಿಂಗ್ ಕಪ್‌ನ ಏಷ್ಯಾ-ಓಷಿಯಾನಿಯಾ ಪಂದ್ಯಗಳು ನಡೆದವು. ಭಾರತದ ಶ್ರೀವಲ್ಲಿ ಭಮಿಡಿಪಾಟಿ ಅಲ್ಲಿ ತಮ್ಮ ಐದೂ ಸಿಂಗಲ್ಸ್ ಪಂದ್ಯ ಗೆದ್ದರು. ತಂಡ ಪ್ಲೇಆಫ್‌ಗೆ ಏರಿತು.

ಈ ಐದು ಗೆಲುವಿಗೆ ಅವರಿಗೆ ಸಿಕ್ಕ ರ‍್ಯಾಂಕಿಂಗ್ ಅಂಕ ಎಷ್ಟು ಗೊತ್ತೇ? ಸೊನ್ನೆ!

ಇದು ಯಾರೋ ಮಾಡಿದ ಅನ್ಯಾಯವಲ್ಲ, ನಿಯಮವೇ ಹಾಗಿದೆ. ಮಹಿಳಾ ಟೆನಿಸ್‌ನ ವಿಶ್ವ ರ‍್ಯಾಂಕಿಂಗ್ 'ಯಾರು ಚೆನ್ನಾಗಿ ಆಡುತ್ತಾರೆ' ಎಂದು ಹೇಳುವ ಪಟ್ಟಿ ಎಂದು ನಾವು ಅಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ಒಂದು ಖಾತೆ ಪುಸ್ತಕ. ಯಾವ ಟೂರ್ನಿಯಲ್ಲಿ, ಯಾವ ಸುತ್ತಿನವರೆಗೆ, ಯಾವಾಗ ಆಡಿದಿರಿ ಎಂಬುದಷ್ಟೇ ಅದರಲ್ಲಿ ದಾಖಲಾಗುತ್ತದೆ. 2025ರ ಋತುವನ್ನು ಮುಂದಿಟ್ಟುಕೊಂಡು ಈ ಲೆಕ್ಕ ನೋಡಿದರೆ ಅರ್ಥ ಮಾಡಿಕೊಳ್ಳುವುದು ಸುಲಭ. ಪುಣೆ, ಬೆಂಗಳೂರಿನಂಥ ಊರುಗಳಲ್ಲಿ ಟೆನಿಸ್ ಆಡುವ ಹುಡುಗಿಯರಿಗೆ ಈ ಪಟ್ಟಿ ಏಕೆ ಜೀವನ್ಮರಣದ ಪ್ರಶ್ನೆ ಎಂಬುದೂ ಆಗ ತಿಳಿಯುತ್ತದೆ.

52 ವಾರಗಳ ನೀರಿನ ತೊಟ್ಟಿ

ಮಹಿಳಾ ವೃತ್ತಿಪರ ಟೆನಿಸ್ ಅನ್ನು ನಡೆಸುವ ಡಬ್ಲ್ಯುಟಿಎ ಸಂಸ್ಥೆ 1975ರ ನವೆಂಬರ್‌ನಿಂದ ಕಂಪ್ಯೂಟರ್ ರ‍್ಯಾಂಕಿಂಗ್ ಪ್ರಕಟಿಸುತ್ತಿದೆ. ಮೊದಲ ನಂಬರ್ ಒನ್ ಅಮೆರಿಕದ ಕ್ರಿಸ್ ಎವರ್ಟ್. ಈಗ ಪಟ್ಟಿ ಸಾಮಾನ್ಯವಾಗಿ ಪ್ರತಿ ಸೋಮವಾರ ಪರಿಷ್ಕರಣೆಯಾಗುತ್ತದೆ. ಎರಡು ವಾರ ನಡೆಯುವ ದೊಡ್ಡ ಟೂರ್ನಿಗಳಿದ್ದರೆ ಅವು ಮುಗಿದ ಮೇಲೆ ಹೊಸ ಪಟ್ಟಿ ಬರುತ್ತದೆ.

ಇದನ್ನು ಮನೆ ಮೇಲಿನ ನೀರಿನ ತೊಟ್ಟಿಗೆ ಹೋಲಿಸಬಹುದು. ಮೇಲಿನ ನಲ್ಲಿಯಿಂದ ಈ ವಾರ ಗಳಿಸಿದ ಅಂಕ ಬೀಳುತ್ತದೆ. ಕೆಳಗಿನ ನಲ್ಲಿಯಿಂದ ಸರಿಯಾಗಿ ಒಂದು ವರ್ಷದ ಹಿಂದೆ ತುಂಬಿದ್ದ ಅಂಕ ಹೊರಹೋಗುತ್ತದೆ. ತೊಟ್ಟಿಯಲ್ಲಿ ಉಳಿದಿರುವುದೇ ಆಟಗಾರ್ತಿಯ ಒಟ್ಟು ಅಂಕ. ಅಂದರೆ ಯಾವುದೇ ಗೆಲುವಿನ ಆಯುಷ್ಯ 52 ವಾರ ಮಾತ್ರ.

ಇನ್ನೊಂದು ಮಿತಿಯೂ ಇದೆ. ವರ್ಷವಿಡೀ ಎಷ್ಟು ಟೂರ್ನಿ ಆಡಿದರೂ ಸಿಂಗಲ್ಸ್‌ನಲ್ಲಿ 18 ಟೂರ್ನಿಗಳ ಫಲಿತಾಂಶ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಗ್ರ್ಯಾಂಡ್‌ಸ್ಲಾಂ ಹಾಗೂ ಕೆಲವು ಕಡ್ಡಾಯ ಟೂರ್ನಿಗಳು ಇದರೊಳಗೇ ಸೇರುತ್ತವೆ. ಕಡ್ಡಾಯ ಟೂರ್ನಿಯನ್ನು ಸುಮ್ಮನೆ ತಪ್ಪಿಸಿಕೊಂಡರೆ ಆ ಜಾಗದಲ್ಲಿ ಸೊನ್ನೆ ಬಂದು ಕೂರುತ್ತದೆ. ವರ್ಷಾಂತ್ಯದ ಡಬ್ಲ್ಯುಟಿಎ ಫೈನಲ್ಸ್ ಆಡುವ ಎಂಟು ಮಂದಿಗೆ ಅದು ಹೆಚ್ಚುವರಿ ಖಾತೆ. ಡಬಲ್ಸ್‌ಗೆ ಬೇರೆಯದೇ ಪಟ್ಟಿ ಇದೆ.

ಯಾವ ಟೂರ್ನಿಗೆ ಎಷ್ಟು ಅಂಕ?

ಟೂರ್ನಿಗಳ ಹೆಸರಿನಲ್ಲೇ ಸುಳಿವಿದೆ. ಡಬ್ಲ್ಯುಟಿಎ 1000 ಗೆದ್ದರೆ 1000 ಅಂಕ. ಅದೇ ರೀತಿ 500, 250 ಮತ್ತು 125. ಇದರ ಕೆಳಗಿನ ಮೆಟ್ಟಿಲುಗಳನ್ನು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ನಡೆಸುತ್ತದೆ. ಅವುಗಳ ಹೆಸರು ಡಬ್ಲ್ಯು100, ಡಬ್ಲ್ಯು75, ಡಬ್ಲ್ಯು50, ಡಬ್ಲ್ಯು35, ಡಬ್ಲ್ಯು15. ಇಲ್ಲೂ ಚಾಂಪಿಯನ್‌ಗೆ ಸಿಗುವ ಅಂಕವೇ ಹೆಸರು.

ಎಲ್ಲಕ್ಕಿಂತ ಮೇಲಿರುವುದು ಗ್ರ್ಯಾಂಡ್‌ಸ್ಲಾಂ. ಚಾಂಪಿಯನ್‌ಗೆ 2000, ರನ್ನರ್ ಅಪ್‌ಗೆ 1300, ಸೆಮಿಫೈನಲ್‌ನಲ್ಲಿ ಸೋತರೆ 780, ಕ್ವಾರ್ಟರ್‌ಫೈನಲ್‌ನಲ್ಲಿ 430, ನಾಲ್ಕನೇ ಸುತ್ತಿನಲ್ಲಿ 240, ಮೂರನೇ ಸುತ್ತಿನಲ್ಲಿ 130, ಎರಡನೇ ಸುತ್ತಿನಲ್ಲಿ 70 ಹಾಗೂ ಮೊದಲ ಸುತ್ತಿನಲ್ಲೇ ಸೋತರೆ 10 ಅಂಕ.

ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ. 2025ರ ಕಥೆ ಬಿಚ್ಚಿಕೊಳ್ಳುವುದೇ ಇವುಗಳಿಂದ.

ಒಂದೇ ಸ್ಲಾಂ ಗೆದ್ದರೂ ಸಬಲೆಂಕಾ ಏಕೆ ನಂಬರ್ ಒನ್?

2025ರಲ್ಲಿ ನಾಲ್ಕು ಗ್ರ್ಯಾಂಡ್‌ಸ್ಲಾಂಗಳನ್ನು ನಾಲ್ವರು ಹಂಚಿಕೊಂಡರು. ಆಸ್ಟ್ರೇಲಿಯನ್ ಓಪನ್ ಮ್ಯಾಡಿಸನ್ ಕೀಸ್‌ಗೆ, ಫ್ರೆಂಚ್ ಓಪನ್ ಕೊಕೊ ಗಾಫ್‌ಗೆ, ವಿಂಬಲ್ಡನ್ ಇಗಾ ಶ್ವಾಂಟೆಕ್‌ಗೆ, ಅಮೆರಿಕ ಓಪನ್ ಅರಿನಾ ಸಬಲೆಂಕಾಗೆ. ಆದರೆ 2024ರ ಅಕ್ಟೋಬರ್ 21ರಂದು ಅಗ್ರಸ್ಥಾನಕ್ಕೇರಿದ್ದ ಸಬಲೆಂಕಾ 2025ರ ಕೊನೆಯವರೆಗೂ ಒಂದು ವಾರವೂ ಕೆಳಗಿಳಿಯಲಿಲ್ಲ.

ಕಾರಣ ಸರಳ. ನಾಲ್ಕು ಗ್ರ್ಯಾಂಡ್‌ಸ್ಲಾಂಗಳ ಅಂಕವನ್ನಷ್ಟೇ ಕೂಡಿಸಿ ನೋಡಿ:

ಸಬಲೆಂಕಾ: ಮೆಲ್ಬರ್ನ್ ಮತ್ತು ಪ್ಯಾರಿಸ್‌ನಲ್ಲಿ ರನ್ನರ್ ಅಪ್, ವಿಂಬಲ್ಡನ್‌ನಲ್ಲಿ ಸೆಮಿಫೈನಲ್, ನ್ಯೂಯಾರ್ಕ್‌ನಲ್ಲಿ ಚಾಂಪಿಯನ್. ಒಟ್ಟು 5380.

ಶ್ವಾಂಟೆಕ್: ಮೆಲ್ಬರ್ನ್ ಮತ್ತು ಪ್ಯಾರಿಸ್‌ನಲ್ಲಿ ಸೆಮಿಫೈನಲ್, ವಿಂಬಲ್ಡನ್‌ನಲ್ಲಿ ಚಾಂಪಿಯನ್, ನ್ಯೂಯಾರ್ಕ್‌ನಲ್ಲಿ ಕ್ವಾರ್ಟರ್‌ಫೈನಲ್. ಒಟ್ಟು 3990.

ಅಮಂಡಾ ಅನಿಸಿಮೋವಾ: ಮೆಲ್ಬರ್ನ್‌ನಲ್ಲಿ ಎರಡನೇ ಸುತ್ತು, ಪ್ಯಾರಿಸ್‌ನಲ್ಲಿ ನಾಲ್ಕನೇ ಸುತ್ತು, ವಿಂಬಲ್ಡನ್ ಮತ್ತು ನ್ಯೂಯಾರ್ಕ್‌ನಲ್ಲಿ ರನ್ನರ್ ಅಪ್. ಒಟ್ಟು 2910.

ಗಾಫ್: ಮೆಲ್ಬರ್ನ್‌ನಲ್ಲಿ ಕ್ವಾರ್ಟರ್‌ಫೈನಲ್, ಪ್ಯಾರಿಸ್‌ನಲ್ಲಿ ಚಾಂಪಿಯನ್, ವಿಂಬಲ್ಡನ್‌ನಲ್ಲಿ ಮೊದಲ ಸುತ್ತಿನ ಸೋಲು, ನ್ಯೂಯಾರ್ಕ್‌ನಲ್ಲಿ ನಾಲ್ಕನೇ ಸುತ್ತು. ಒಟ್ಟು 2680.

ಕೀಸ್: ಮೆಲ್ಬರ್ನ್‌ನಲ್ಲಿ ಚಾಂಪಿಯನ್, ಪ್ಯಾರಿಸ್‌ನಲ್ಲಿ ಕ್ವಾರ್ಟರ್‌ಫೈನಲ್, ವಿಂಬಲ್ಡನ್‌ನಲ್ಲಿ ಮೂರನೇ ಸುತ್ತು, ನ್ಯೂಯಾರ್ಕ್‌ನಲ್ಲಿ ಮೊದಲ ಸುತ್ತಿನ ಸೋಲು. ಒಟ್ಟು 2570.

ಗಮನಿಸಿ, ಒಂದೂ ಸ್ಲಾಂ ಗೆಲ್ಲದ ಅನಿಸಿಮೋವಾ ಗ್ರ್ಯಾಂಡ್‌ಸ್ಲಾಂ ಅಂಕಗಳಲ್ಲಿ ಇಬ್ಬರು ಚಾಂಪಿಯನ್ನರಿಗಿಂತ ಮುಂದಿದ್ದಾರೆ! ಟ್ರೋಫಿ ನೆನಪಿನಲ್ಲಿ ಉಳಿಯುತ್ತದೆ, ಪಟ್ಟಿಯಲ್ಲಿ ಉಳಿಯುವುದು ಸ್ಥಿರತೆ. ಸಬಲೆಂಕಾ ಆ ವರ್ಷ ಒಟ್ಟು ಒಂಬತ್ತು ಫೈನಲ್ ಆಡಿದರು. ಬ್ರಿಸ್ಬೇನ್, ಮಯಾಮಿ, ಮ್ಯಾಡ್ರಿಡ್ ಮತ್ತು ಅಮೆರಿಕ ಓಪನ್ ಗೆದ್ದರು, ಉಳಿದ ಐದರಲ್ಲಿ ಸೋತರು. ಸೋತ ಫೈನಲ್‌ಗಳೂ ಅವರ ತೊಟ್ಟಿಯನ್ನು ತುಂಬಿದವು.

ಶ್ವಾಂಟೆಕ್ ಎಂಟಕ್ಕೆ ಕುಸಿದಿದ್ದೇಕೆ?

ಟೆನಿಸ್ ಸುದ್ದಿಗಳಲ್ಲಿ 'ಅಂಕ ಉಳಿಸಿಕೊಳ್ಳಬೇಕಿದೆ' ಎಂಬ ಮಾತು ಆಗಾಗ ಕೇಳುತ್ತೀರಿ. ಅದರ ಅರ್ಥ ತಿಳಿಯಲು ಪೋಲೆಂಡ್‌ನ ಶ್ವಾಂಟೆಕ್ ಅವರ 2025ರ ಬೇಸಿಗೆಯನ್ನು ನೋಡಿದರೆ ಸಾಕು.

2024ರಲ್ಲಿ ಅವರು ಮ್ಯಾಡ್ರಿಡ್, ರೋಮ್ ಮತ್ತು ಫ್ರೆಂಚ್ ಓಪನ್ ಮೂರನ್ನೂ ಗೆದ್ದಿದ್ದರು. ಅಂದರೆ 1000, 1000 ಮತ್ತು 2000, ಒಟ್ಟು 4000 ಅಂಕ. ಒಂದು ವರ್ಷದ ಬಳಿಕ ಅಷ್ಟೂ ಅಂಕ ಹೊರಹೋಗುವ ಸರದಿ ಬಂತು. 2025ರಲ್ಲಿ ಮ್ಯಾಡ್ರಿಡ್‌ನಲ್ಲಿ ಸೆಮಿಫೈನಲ್‌ನಲ್ಲಿ ಸೋತು 390, ರೋಮ್‌ನಲ್ಲಿ ಮೂರನೇ ಸುತ್ತಿನಲ್ಲಿ ಸೋತು 65, ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಸೋತು 780 ಅಂಕ ಪಡೆದರು. ಬಂದಿದ್ದು 1235, ಹೋಗಿದ್ದು 4000. ನಿವ್ವಳ ನಷ್ಟ 2765.

ಎರಡು ದೊಡ್ಡ ಟೂರ್ನಿಗಳಲ್ಲಿ ಸೆಮಿಫೈನಲ್ ತಲುಪುವುದು ಬಹುತೇಕ ಆಟಗಾರ್ತಿಯರ ಪಾಲಿಗೆ ಜೀವನದ ಸಾಧನೆ. ಶ್ವಾಂಟೆಕ್‌ಗೆ ಅದೇ ಕುಸಿತವಾಯಿತು. ಜೂನ್‌ನಲ್ಲಿ ಅವರು ಎಂಟನೇ ಸ್ಥಾನಕ್ಕಿಳಿದು, ವಿಂಬಲ್ಡನ್‌ನಲ್ಲಿ ಎಂಟನೇ ಶ್ರೇಯಾಂಕ ಪಡೆದರು.

ಮುಂದಿನದು ಇದಕ್ಕೆ ತದ್ವಿರುದ್ಧ. 2024ರ ವಿಂಬಲ್ಡನ್‌ನಲ್ಲಿ ಶ್ವಾಂಟೆಕ್ ಮೂರನೇ ಸುತ್ತಿನಲ್ಲೇ ಸೋತಿದ್ದರಿಂದ ಅಲ್ಲಿ ಹೊರಹೋಗಬೇಕಿದ್ದುದು ಬರೀ 130. ಈ ಬಾರಿ ಫೈನಲ್‌ನಲ್ಲಿ ಅನಿಸಿಮೋವಾರನ್ನು 6-0, 6-0ರಿಂದ ಮಣಿಸಿ 2000 ಅಂಕ ಪಡೆದರು. ನಿವ್ವಳ ಲಾಭ 1870. ಸಿನ್ಸಿನಾಟಿ ಟೂರ್ನಿಯನ್ನೂ ಗೆದ್ದು ವರ್ಷಾಂತ್ಯಕ್ಕೆ ಎರಡನೇ ಸ್ಥಾನದಲ್ಲಿದ್ದರು.

ಅಂದರೆ ಕಳೆದ ವರ್ಷ ಎಲ್ಲಿ ಸೋತಿದ್ದರೋ ಅಲ್ಲೇ ಈ ವರ್ಷ ಏರುವ ಅವಕಾಶ. ಎಲ್ಲಿ ಗೆದ್ದಿದ್ದರೋ ಅಲ್ಲೇ ಬೀಳುವ ಅಪಾಯ.

ಒಂದೇ ವಾರದಲ್ಲಿ ಬದಲಾದ ಬದುಕು

ಪಟ್ಟಿಯ ಕೆಳಗಿನಿಂದ ಮೇಲಕ್ಕೆ ಜಿಗಿದವರೂ ಇದ್ದಾರೆ. ಅನಿಸಿಮೋವಾ 2024ರ ವಿಂಬಲ್ಡನ್‌ನಲ್ಲಿ ಮುಖ್ಯ ಸುತ್ತಿಗೂ ಬರಲಾಗದೆ ಅರ್ಹತಾ ಹಂತದಲ್ಲೇ ಸೋತಿದ್ದರು. ಮರುವರ್ಷ ಅಲ್ಲೇ ಫೈನಲ್ ಆಡಿದರು. ದೋಹಾ ಮತ್ತು ಬೀಜಿಂಗ್ ಟೂರ್ನಿಗಳನ್ನೂ ಗೆದ್ದ ಅವರು 2025 ಮುಗಿಯುವಾಗ ವಿಶ್ವದ ನಾಲ್ಕನೇ ಆಟಗಾರ್ತಿ.

ಜರ್ಮನಿಯ ತಾತ್ಯಾನಾ ಮರಿಯಾ ಜೂನ್‌ನಲ್ಲಿ ಲಂಡನ್‌ನ ಕ್ವೀನ್ಸ್ ಕ್ಲಬ್‌ಗೆ ಬಂದಾಗ 37 ವರ್ಷ, ಇಬ್ಬರು ಮಕ್ಕಳ ತಾಯಿ, ರ‍್ಯಾಂಕಿಂಗ್ 86. ಅರ್ಹತಾ ಸುತ್ತಿನಿಂದ ಆರಂಭಿಸಿ ಆ ಡಬ್ಲ್ಯುಟಿಎ 500 ಟೂರ್ನಿಯನ್ನೇ ಗೆದ್ದರು. ಮುಂದಿನ ಸೋಮವಾರ ರ‍್ಯಾಂಕಿಂಗ್ 43.

ಕಜಕಸ್ತಾನದ ಎಲೆನಾ ರಿಬಾಕಿನಾ ಅಕ್ಟೋಬರ್‌ನಲ್ಲಿ ಚೀನಾದ ನಿಂಗ್ಬೊ ಟೂರ್ನಿ ಗೆದ್ದು, ರಿಯಾದ್‌ನ ಡಬ್ಲ್ಯುಟಿಎ ಫೈನಲ್ಸ್‌ಗೆ ಕೊನೆಯ ಸ್ಥಾನ ಗಿಟ್ಟಿಸಿಕೊಂಡರು. ಈ ಎಂಟು ಸ್ಥಾನಗಳನ್ನು ನಿರ್ಧರಿಸುವುದು 52 ವಾರಗಳ ಪಟ್ಟಿಯಲ್ಲ, ಜನವರಿಯಿಂದ ಎಲ್ಲರಿಗೂ ಸೊನ್ನೆಯಿಂದಲೇ ಶುರುವಾಗುವ 'ರೇಸ್' ಪಟ್ಟಿ. ರಿಯಾದ್‌ನಲ್ಲಿ ರಿಬಾಕಿನಾ ಒಂದೂ ಪಂದ್ಯ ಸೋಲದೆ, ಫೈನಲ್‌ನಲ್ಲಿ ಸಬಲೆಂಕಾರನ್ನೂ ಮಣಿಸಿ 1500 ಅಂಕ ಮತ್ತು 52.35 ಲಕ್ಷ ಡಾಲರ್ ಬಹುಮಾನ ಪಡೆದರು.

ಹೀಗೆ ವರ್ಷಾಂತ್ಯದ ಮೊದಲ ಆರು ಸ್ಥಾನಗಳು: ಸಬಲೆಂಕಾ, ಶ್ವಾಂಟೆಕ್, ಗಾಫ್, ಅನಿಸಿಮೋವಾ, ರಿಬಾಕಿನಾ ಮತ್ತು ಜೆಸ್ಸಿಕಾ ಪೆಗುಲಾ.

ದೇಶಕ್ಕಾಗಿ ಆಡಿದರೆ ಅಂಕವಿಲ್ಲ

ಈಗ ಬಾಲೆವಾಡಿಗೆ ಮರಳೋಣ. ಬಿಲ್ಲಿ ಜೀನ್ ಕಿಂಗ್ ಕಪ್ ದೇಶ-ದೇಶಗಳ ನಡುವಿನ ಸ್ಪರ್ಧೆ. ಅಲ್ಲಿ ಆಡಲು ರ‍್ಯಾಂಕಿಂಗ್ ಮಾತ್ರ ಸಾಲದು, ತಂಡಕ್ಕೆ ಆಯ್ಕೆಯಾಗಬೇಕು. ಹಾಗಾಗಿ ಅದು ಎಲ್ಲರಿಗೂ ಸಮಾನವಾಗಿ ತೆರೆದ ಟೂರ್ನಿಯಲ್ಲ, ಅಂಕವೂ ಇಲ್ಲ. ಒಲಿಂಪಿಕ್ಸ್‌ನಲ್ಲೂ 2016ರಿಂದ ಅಂಕ ಕೊಡುತ್ತಿಲ್ಲ. ಏಷ್ಯನ್ ಗೇಮ್ಸ್‌ನದೂ ಅದೇ ಕಥೆ.

ಕನ್ನಡಿಗರಿಗೆ ನೆನಪಿರುವ ಉದಾಹರಣೆಯೊಂದಿದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರ ಸೆಪ್ಟೆಂಬರ್ 30ರಂದು ಪುಣೆಯ ಋತುಜಾ ಭೋಸಲೆ ಮತ್ತು ಕೊಡಗಿನ ರೋಹನ್ ಬೋಪಣ್ಣ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ದೇಶವೇ ಸಂಭ್ರಮಿಸಿತು. ಆದರೆ ಋತುಜಾ ಅವರ ರ‍್ಯಾಂಕಿಂಗ್ ಖಾತೆಗೆ ಆ ಚಿನ್ನದಿಂದ ಏನೂ ಸೇರಲಿಲ್ಲ. ಮಿಶ್ರ ಡಬಲ್ಸ್‌ಗೆ ರ‍್ಯಾಂಕಿಂಗ್ ಎಂಬುದೇ ಇಲ್ಲ.

ಇದು ಭಾರತೀಯರಿಗಷ್ಟೇ ಆದ ಅನುಭವವಲ್ಲ. ರಷ್ಯಾ ಮತ್ತು ಬೆಲಾರಸ್ ಆಟಗಾರರನ್ನು ವಿಂಬಲ್ಡನ್ ನಿಷೇಧಿಸಿದ್ದ 2022ರಲ್ಲಿ ಡಬ್ಲ್ಯುಟಿಎ ಆ ಟೂರ್ನಿಯ ಅಂಕಗಳನ್ನೇ ಹಿಂತೆಗೆದುಕೊಂಡಿತ್ತು. ಆ ವರ್ಷ ವಿಂಬಲ್ಡನ್ ಗೆದ್ದವರು ಇದೇ ರಿಬಾಕಿನಾ. ಗೆಲ್ಲುವ ಮೊದಲು ಅವರ ಸ್ಥಾನ 23, ಗೆದ್ದ ಮೇಲೂ 23!

ಕೆಳಗಿನ ಮೆಟ್ಟಿಲುಗಳ ಕಷ್ಟ

ಮೇಲಿನವರಿಗೆ ರ‍್ಯಾಂಕಿಂಗ್ ಪ್ರತಿಷ್ಠೆಯ ವಿಷಯ. ಕೆಳಗಿನವರಿಗೆ ಅದು ಟಿಕೆಟ್.

ಗ್ರ್ಯಾಂಡ್‌ಸ್ಲಾಂ ಮಹಿಳಾ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ 128 ಜಾಗಗಳಿವೆ. ಅದರಲ್ಲಿ 104 ನೇರವಾಗಿ ರ‍್ಯಾಂಕಿಂಗ್ ಆಧಾರದ ಮೇಲೆ. 16 ಅರ್ಹತಾ ಸುತ್ತಿನಿಂದ ಬಂದವರಿಗೆ, ಎಂಟು ವೈಲ್ಡ್ ಕಾರ್ಡ್‌ಗೆ. ನೋಡುವುದು ಟೂರ್ನಿಯ ದಿನದ ರ‍್ಯಾಂಕಿಂಗ್ ಅಲ್ಲ, ಸುಮಾರು ಆರು ವಾರ ಮೊದಲಿನದು. ಆಗ ನೂರರ ಆಸುಪಾಸಿನಲ್ಲಿ ಇದ್ದರೆ ಒಳಗೆ, ಇಲ್ಲವಾದರೆ ಅರ್ಹತಾ ಸುತ್ತಿನ ಸಾಲಿನಲ್ಲಿ.

ಈ ಗೆರೆಯ ಬೆಲೆ ಎಷ್ಟು? 2025ರ ಅಮೆರಿಕ ಓಪನ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತವರಿಗೂ 1.10 ಲಕ್ಷ ಡಾಲರ್ ಸಿಕ್ಕಿತು. ಡಬ್ಲ್ಯು15 ಟೂರ್ನಿಯೊಂದರಲ್ಲಿ ಎಲ್ಲ ಆಟಗಾರ್ತಿಯರಿಗೂ ಸೇರಿ ಹಂಚುವ ಬಹುಮಾನ 15 ಸಾವಿರ ಡಾಲರ್. ಅಲ್ಲಿ ಸೋತ ಒಬ್ಬರಿಗೆ ಸಿಗುವ ಹಣ ಇಲ್ಲಿನ ಇಡೀ ಟೂರ್ನಿಯ ಏಳು ಪಟ್ಟು!

ಇನ್ನು ಅಂಕಗಳ ಲೆಕ್ಕ. ಮೊದಲ ನೂರರೊಳಗೆ ಬರಲು ಸಾಮಾನ್ಯವಾಗಿ 700ರ ಸುತ್ತಮುತ್ತ ಅಂಕ ಬೇಕು. ಒಬ್ಬ ಆಟಗಾರ್ತಿ ವರ್ಷದಲ್ಲಿ 18 ಡಬ್ಲ್ಯು35 ಟೂರ್ನಿ ಆಡಿ, ಹದಿನೆಂಟನ್ನೂ ಗೆದ್ದರು ಎಂದುಕೊಳ್ಳಿ. ಸಿಗುವುದು 630 ಅಂಕ. ಹತ್ತೊಂಬತ್ತನೆಯದು ಗೆದ್ದರೂ ಲೆಕ್ಕಕ್ಕಿಲ್ಲ. ಅಂದರೆ ಈ ಮಟ್ಟದಲ್ಲಿ ಒಂದೂ ಪಂದ್ಯ ಸೋಲದೆ ವರ್ಷ ಕಳೆದರೂ ಮೊದಲ ನೂರು ಕಷ್ಟ. ಮೇಲಿನ ಮೆಟ್ಟಿಲಿಗೆ ಹೋಗಲೇಬೇಕು. ಮೇಲಿನ ಟೂರ್ನಿಗೆ ಪ್ರವೇಶ ಸಿಗಲು ಮತ್ತೆ ರ‍್ಯಾಂಕಿಂಗ್ ಬೇಕು.

ಭಾರತದ ಮಹಿಳೆಯರಲ್ಲಿ ಸಿಂಗಲ್ಸ್‌ನ ಮೊದಲ ನೂರರೊಳಗೆ ಬಂದವರು ಸಾನಿಯಾ ಮಿರ್ಜಾ ಒಬ್ಬರೇ. 2007ರ ಆಗಸ್ಟ್‌ನಲ್ಲಿ ಅವರು 27ನೇ ಸ್ಥಾನ ತಲುಪಿದ್ದರು. ಬಳಿಕ ಡಬಲ್ಸ್‌ಗೆ ಗಮನ ಹರಿಸಿ 2015ರ ಏಪ್ರಿಲ್‌ನಲ್ಲಿ ಅಲ್ಲಿ ನಂಬರ್ ಒನ್ ಆದರು. ಅಹಮದಾಬಾದ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲಿ ಪುಣೆಗೆ ಬಂದು ಕೋಚ್ ಹೇಮಂತ್ ಬೇಂದ್ರೆ ಅವರ ಬಳಿ ತರಬೇತಿ ಪಡೆದ ಅಂಕಿತಾ ರೈನಾ 2020ರ ಮಾರ್ಚ್‌ನಲ್ಲಿ 160ನೇ ಸ್ಥಾನಕ್ಕೇರಿದ್ದರು. ಅದೇ ತಿಂಗಳು ಕೋವಿಡ್‌ನಿಂದಾಗಿ ವೃತ್ತಿಪರ ಟೆನಿಸ್ ಸ್ಥಗಿತಗೊಂಡು, ರ‍್ಯಾಂಕಿಂಗ್ ಕೂಡ ಆಗಸ್ಟ್‌ವರೆಗೆ ನಿಂತಲ್ಲೇ ನಿಂತಿತು.

ಊರಿನ ಟೂರ್ನಿ ಏಕೆ ಬೇಕು?

ಧನಕವಡಿಯಿಂದ ಸ್ವಾರಗೇಟ್ ದಾಟಿ ನಗರದ ಒಳಕ್ಕೆ ಹೋದರೆ ಡೆಕ್ಕನ್ ಜಿಮ್ಖಾನಾ ಸಿಗುತ್ತದೆ. ಅಲ್ಲಿ ನಡೆದುಕೊಂಡು ಬಂದಿರುವ ಐಟಿಎಫ್ ಮಹಿಳಾ ಟೂರ್ನಿ ಟಿವಿಯಲ್ಲಿ ಕಾಣುವಂಥದ್ದಲ್ಲ. ಆದರೆ ಪುಣೆಯ ಹುಡುಗಿಗೆ ಅದರ ಬೆಲೆ ಬೇರೆ. ವಿಮಾನದ ಟಿಕೆಟ್ ಬೇಡ, ವೀಸಾ ಬೇಡ, ಹೋಟೆಲ್ ಬಾಡಿಗೆ ಬೇಡ. ಮನೆ ಊಟ ಮಾಡಿ ಅಂಕ ಗಳಿಸುವ ಅವಕಾಶ. ಡಬ್ಲ್ಯು50 ಮಟ್ಟದ ಟೂರ್ನಿಯಲ್ಲಿ ಸೆಮಿಫೈನಲ್ ತಲುಪಿದರೆ 20 ಅಂಕ, ಗೆದ್ದರೆ 50.

ಬೆಂಗಳೂರಿನಲ್ಲಿ ನಡೆಯುವ ಡಬ್ಲ್ಯು100, ಮುಂಬೈನ ಡಬ್ಲ್ಯುಟಿಎ 125, ಚೆನ್ನೈನ ಡಬ್ಲ್ಯುಟಿಎ 250 ಇದೇ ಏಣಿಯ ಮೇಲಿನ ಮೆಟ್ಟಿಲುಗಳು. ಸಂಘಟಕರು ಸ್ಥಳೀಯರಿಗೆ ವೈಲ್ಡ್ ಕಾರ್ಡ್ ಕೊಡಬಹುದು. ಚೆನ್ನೈನಂಥ ಟೂರ್ನಿಯಲ್ಲಿ ಮೊದಲ ಸುತ್ತು ಗೆದ್ದು ಎರಡನೆಯದರಲ್ಲಿ ಸೋತರೂ 30 ಅಂಕ. ಬಾಲೆವಾಡಿಯಲ್ಲಿ ದೇಶಕ್ಕಾಗಿ ಗೆದ್ದ ಐದು ಪಂದ್ಯಗಳಿಗೆ ಸೊನ್ನೆ, ಚೆನ್ನೈನಲ್ಲಿ ಒಂದೇ ಗೆಲುವಿಗೆ 30. ರ‍್ಯಾಂಕಿಂಗ್‌ಗೆ ಭಾವನೆಗಳಿಲ್ಲ!

ಈ ಏಣಿ ಹತ್ತಲು ಸಾಧ್ಯವೇ? ಇಂಡೊನೇಷ್ಯಾದ ಜಾನಿಸ್ ಟ್ಜೆನ್ ಉತ್ತರ. 2025ರ ಆರಂಭದಲ್ಲಿ ಅವರು ಮೊದಲ 300ರಲ್ಲೂ ಇರಲಿಲ್ಲ. ಐಟಿಎಫ್‌ನ ಸಣ್ಣ ಟೂರ್ನಿಗಳನ್ನು ಒಂದರ ಹಿಂದೆ ಒಂದರಂತೆ ಗೆಲ್ಲುತ್ತ ಬಂದರು. ಅರ್ಹತಾ ಸುತ್ತು ದಾಟಿ ಅಮೆರಿಕ ಓಪನ್ ಆಡಿ, ಅಲ್ಲಿ ಮೊದಲ ಸುತ್ತು ಗೆದ್ದರು. ನವೆಂಬರ್ 2ರಂದು ಚೆನ್ನೈ ಓಪನ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಕಿಂಬರ್ಲಿ ಬಿರೆಲ್ ಅವರನ್ನು ಸೋಲಿಸಿ ಒಮ್ಮೆಗೇ 250 ಅಂಕ ಪಡೆದರು. ವರ್ಷ ಮುಗಿಯುವಷ್ಟರಲ್ಲಿ ಮೊದಲ 60ರೊಳಗೆ.

ಟೆನಿಸ್‌ನಲ್ಲಿ ಇಂಡೊನೇಷ್ಯಾ ಭಾರತಕ್ಕಿಂತ ಶ್ರೀಮಂತ ದೇಶವೇನಲ್ಲ. ಗೆಲ್ಲುವ ಸಾಮರ್ಥ್ಯದ ಜೊತೆಗೆ ಬೇಕಿರುವುದು ವರ್ಷವಿಡೀ ಆಡಲು ಸಾಕಷ್ಟು ಟೂರ್ನಿ, ಅದರ ಖರ್ಚಿಗೆ ಹಣ.

ಗಾಯವಾದರೆ, ತಾಯಿಯಾದರೆ?

ತೊಟ್ಟಿಯ ಕೆಳಗಿನ ನಲ್ಲಿ ಯಾರಿಗಾಗಿಯೂ ನಿಲ್ಲುವುದಿಲ್ಲ. ಒಂದು ವರ್ಷ ಆಡದಿದ್ದರೆ ಖಾತೆ ಪೂರ್ತಿ ಖಾಲಿ. ಅದಕ್ಕಾಗಿ ದೀರ್ಘ ಕಾಲದ ಗಾಯ ಹಾಗೂ ಹೆರಿಗೆಗೆ 'ವಿಶೇಷ ರ‍್ಯಾಂಕಿಂಗ್' ಎಂಬ ವ್ಯವಸ್ಥೆಯಿದೆ. ಆಟ ನಿಲ್ಲಿಸುವಾಗ ಇದ್ದ ಸ್ಥಾನದ ಆಧಾರದ ಮೇಲೆ, ಮರಳಿ ಬಂದಾಗ ನಿಗದಿತ ಸಂಖ್ಯೆಯ ಟೂರ್ನಿಗಳಿಗೆ ಪ್ರವೇಶ ಪಡೆಯಬಹುದು. ಆದರೆ ಅಂಕ ವಾಪಸ್ ಬರುವುದಿಲ್ಲ. ಬಾಗಿಲು ತೆರೆಯುತ್ತದೆ, ಒಳಗೆ ಗೆಲ್ಲುವುದು ಅವರ ಪಾಡು.

ಸ್ವಿಟ್ಜರ್ಲೆಂಡ್‌ನ ಬೆಲಿಂಡಾ ಬೆನ್ಸಿಚ್ 2024ರ ಏಪ್ರಿಲ್‌ನಲ್ಲಿ ಮಗಳಿಗೆ ಜನ್ಮ ನೀಡಿದರು. 2025ರ ಫೆಬ್ರುವರಿಯಲ್ಲಿ ಅಬುಧಾಬಿ ಟೂರ್ನಿ ಗೆದ್ದರು, ವಿಂಬಲ್ಡನ್ ಸೆಮಿಫೈನಲ್ ಆಡಿದರು. ಸಾನಿಯಾ ಕೂಡ ತಾಯಿಯಾದ ಬಳಿಕ 2020ರ ಜನವರಿಯಲ್ಲಿ ಮರಳಿ ಬಂದು ಹೋಬರ್ಟ್‌ನಲ್ಲಿ ಡಬಲ್ಸ್ ಗೆದ್ದಿದ್ದರು.

ಮುಂದಿನ ಬಾರಿ ಪಟ್ಟಿ ನೋಡುವಾಗ

ಸೋಮವಾರದ ಪಟ್ಟಿ ಬಂದಾಗ 'ಯಾರು ಏರಿದರು, ಯಾರು ಇಳಿದರು' ಎಂದಷ್ಟೇ ನೋಡಬೇಡಿ. ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ವಾರ ಎಷ್ಟು ಅಂಕ ಬಂತು? ಕಳೆದ ವರ್ಷದ ಎಷ್ಟು ಅಂಕ ಹೋಯಿತು? ಮುಂದಿನ ತಿಂಗಳು ಎಷ್ಟು ಹೋಗಲಿದೆ? ಇಳಿದವರು ಕೆಟ್ಟದಾಗಿ ಆಡಿರಬೇಕೆಂದೇನಿಲ್ಲ. ಏರಿದವರು ಆ ವಾರ ಆಡಿರಬೇಕೆಂದೂ ಇಲ್ಲ.

ಬಾಲೆವಾಡಿಯಲ್ಲಿ ಗಳಿಸಿದ ಪ್ಲೇಆಫ್ ಸ್ಥಾನದೊಂದಿಗೆ ಭಾರತ ತಂಡ 2025ರ ನವೆಂಬರ್‌ನಲ್ಲಿ ಅದೇ ಹೆದ್ದಾರಿಯ ಇನ್ನೊಂದು ತುದಿಯ ಬೆಂಗಳೂರಿಗೆ ಬಂದಿತ್ತು. ಕಬ್ಬನ್ ಪಾರ್ಕ್‌ನ ಎಸ್.ಎಂ. ಕೃಷ್ಣ ಟೆನಿಸ್ ಕ್ರೀಡಾಂಗಣದಲ್ಲಿ ಸ್ಲೊವೇನಿಯಾ ಮತ್ತು ನೆದರ್ಲೆಂಡ್ಸ್ ಎದುರು ಆಡಿ ಎರಡರಲ್ಲೂ ಸೋತಿತು. ಆ ಸೋಲುಗಳಿಂದಲೂ ಯಾರ ರ‍್ಯಾಂಕಿಂಗ್ ಬದಲಾಗಲಿಲ್ಲ.

ಅದನ್ನು ಬದಲಿಸುವುದು ಖಾಲಿ ಗ್ಯಾಲರಿಗಳ ಮುಂದೆ ನಡೆಯುವ ಸಣ್ಣ ಟೂರ್ನಿಗಳು. ನಿಮ್ಮೂರಿನಲ್ಲಿ ಅಂಥದ್ದೊಂದು ನಡೆದರೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ ನೋಡಿ. ಅಲ್ಲಿ ಆಡುತ್ತಿರುವ ಹುಡುಗಿಗೆ ಆ ದಿನ ಸಿಗುವ ಆರೋ ಹನ್ನೊಂದೋ ಅಂಕ, ಮುಂದಿನ ವರ್ಷ ಆಕೆ ಯಾವ ಟೂರ್ನಿಯ ಬಾಗಿಲು ತಟ್ಟಬಹುದು ಎಂಬುದನ್ನು ನಿರ್ಧರಿಸುತ್ತಿರುತ್ತದೆ.